ಮಗಳನ್ನು ಅಜ್ಜಿಯ ಹತ್ತಿರ ಕೂರಿಸಿ

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ತಾಯಿಯೊಬ್ಬರ ಪತ್ರ ಓದಿದ ಮೇಲೆ ಬೇರೆ ಪತ್ರಗಳಿಗೆ ಉತ್ತರ ಬರೆಯಲು ಮನಸ್ಸೇ ಬರಲಿಲ್ಲ. ಸಂಕಟವಾಯಿತು, ಸಿಟ್ಟೂ ಬಂತು. ಸಿಟ್ಟು ಅವರ ಮೇಲಲ್ಲ.

ಮಗಳಿಗೆ ಇನ್ನೂ ಐದು ತುಂಬಿಲ್ಲ. ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಯುಕೆಜಿ. ಗಂಡ ಶಾರ್ಜಾದಲ್ಲಿದ್ದಾರೆ, ಮನೆಯಲ್ಲಿ ಅತ್ತೆ, ಇವರು ಮತ್ತು ಮಗು. ಮನೆಯೊಳಗೆ ಕನ್ನಡ, ಅಂಗಳಕ್ಕಿಳಿದರೆ ತುಳು, ಶಾಲೆಯ ವ್ಯಾನ್ ಹತ್ತಿದರೆ ಮಲಯಾಳ. ಮಗು ಮೂರನ್ನೂ ಬೆರೆಸಿ ಮಾತಾಡುತ್ತದೆ, ಕ್ಲಾಸಿನಲ್ಲಿ ಬಾಯಿಯೇ ಬಿಡುವುದಿಲ್ಲ ಎಂದು ಟೀಚರ್ ತಾಯಿಯನ್ನು ಕರೆಸಿ, ಇನ್ನು ಮನೆಯಲ್ಲಿ ಇಂಗ್ಲಿಷೇ ಮಾತಾಡಿ ಎಂದಿದ್ದಾರೆ. ದಿನಾ ಎರಡು ಪುಟ ಹೋಂವರ್ಕ್, ಅದಕ್ಕೆ ದಿನಾ ಅಳು. ಸಂಜೆ ಟ್ಯೂಷನ್‌ಗೆ ಮಾತಾಗಿದೆ. ಟ್ಯೂಷನ್‌ಗೆ ಕಳಿಸಲೇ, ಬರುವ ಜೂನ್‌ನಲ್ಲಿ ಹತ್ತಿರದ ಕನ್ನಡ ಶಾಲೆಗೆ ಹಾಕಿದರೆ ಮುಂದೆ ತೊಂದರೆಯಾದೀತೇ ಎಂದು ಕೇಳಿದ್ದಾರೆ.

ಇಷ್ಟೇ ಆಗಿದ್ದರೆ ನಾಲ್ಕು ಸಾಲಿನಲ್ಲಿ ಉತ್ತರಿಸಬಹುದಿತ್ತು. ಆದರೆ ಪತ್ರದ ಕೊನೆಯಲ್ಲಿ, ಸಹಿಗಿಂತ ತುಸು ಮೇಲೆ, ಅವರು ಹೀಗೆ ಬರೆದಿದ್ದಾರೆ: "ಅತ್ತೆಗೆ ಇಂಗ್ಲಿಷ್ ಬಾರದ ಕಾರಣ ಮಗುವಿನ ಜೊತೆ ಆದಷ್ಟು ಕಡಿಮೆ ಮಾತಾಡಿ ಅಂತ ಹೇಳಿದ್ದೇವೆ. ಈಗ ಇವಳೂ ಅವರ ಹತ್ತಿರ ಹೋಗುವುದು ಕಡಿಮೆ. ಮೊದಲು ಮಲಗುವವರೆಗೂ ಕಥೆ ಕೇಳುತ್ತಿದ್ದಳು. ಅದೇನೂ ದೊಡ್ಡ ವಿಷಯವಲ್ಲ."

ಅಮ್ಮಾ, ದೊಡ್ಡ ವಿಷಯ ಅದೊಂದೇ. ಉಳಿದದ್ದೆಲ್ಲ ಸಣ್ಣದು.

ಮಾತು ಮೊದಲು, ಅಕ್ಷರ ಆಮೇಲೆ ಎಂದು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ. ಕಥೆ ಕೇಳುವ ಮಗು "ಆಮೇಲೆ ಏನಾಯಿತು" ಎಂದು ಕೇಳುತ್ತದೆ, ನಿನ್ನೆಯ ಕಥೆಯಲ್ಲಿ ಹುಲಿ ಸತ್ತಿತ್ತಲ್ಲ ಎಂದು ಜಗಳವಾಡುತ್ತದೆ, ಕಾರಣ ಹುಡುಕುತ್ತದೆ. ನಾಳೆ ಪಾಠ ಓದಿ ಅರ್ಥ ಮಾಡಿಕೊಳ್ಳುವುದಕ್ಕೆ ಬೇಕಾದ ಬುದ್ಧಿ ಅಲ್ಲೇ ಬಲಿಯುವುದು. ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ಎಂಬ ಪುಟ್ಟ ಮಕ್ಕಳ ಶಾಲೆ ಕಟ್ಟಿದ ಗಿಜುಭಾಯಿ ಬಧೇಕಾ, ವಕೀಲಿ ಬಿಟ್ಟು ಪುಟ್ಟ ಮಕ್ಕಳ ಮಧ್ಯೆ ಕೂತು ಕಥೆ ಹೇಳಿದವರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಒಂದೇ ಬುನಾದಿ ಹಂತ ಎನ್ನುತ್ತದೆ. ಆ ಹಂತಕ್ಕಾಗಿ 2022ರಲ್ಲಿ ಬಂದ ಪಠ್ಯಕ್ರಮ ಚೌಕಟ್ಟಿನಲ್ಲಿ ಆಟ, ಮಾತುಕತೆ, ಕಥೆ, ಹಾಡುಗಳೇ ಕಲಿಕೆಯ ದಾರಿ. ಇವೆಲ್ಲ ನಿಮ್ಮ ಮನೆಯಲ್ಲಿ ಆಗಲೇ ನಡೆಯುತ್ತಿದ್ದವು. ಅದನ್ನು ನಿಲ್ಲಿಸಿ ಟ್ಯೂಷನ್ ಹುಡುಕುತ್ತಿದ್ದೀರಿ.

ಮಗು ಭಾಷೆ ಬೆರೆಸುತ್ತದೆ ಎಂಬ ದೂರನ್ನು ನಾನು ಒಪ್ಪುವುದಿಲ್ಲ. ನೀವೇ ಬರೆದ ಉದಾಹರಣೆ ನೋಡಿ: "ಪುಚ್ಚೆ ಪಾಲು ಕುಡಿತು." ತುಳುವಿನ ಬೆಕ್ಕು ಮಲಯಾಳದ ಹಾಲನ್ನು ಕನ್ನಡದಲ್ಲಿ ಕುಡಿದಿದೆ, ವಾಕ್ಯ ಎಲ್ಲೂ ತಪ್ಪಿಲ್ಲ! ಹಲವು ಭಾಷೆಗಳ ನಡುವೆ ಬೆಳೆಯುವ ಎಲ್ಲ ಮಕ್ಕಳೂ ಹೀಗೆ ಬೆರೆಸುತ್ತಾರೆ, ಇದು ರೋಗವಲ್ಲ. ಹೊಸ ಭಾಷೆಯ ಕ್ಲಾಸಿನಲ್ಲಿ ಕೆಲವು ತಿಂಗಳು ಸುಮ್ಮನೆ ಕೂತು ಕೇಳಿಸಿಕೊಳ್ಳುವುದೂ ಸಹಜವೇ. ಕಾಸರಗೋಡು ಸಪ್ತಭಾಷಾ ಸಂಗಮಭೂಮಿ ಎಂದು ವೇದಿಕೆಗಳಲ್ಲಿ ಹೆಮ್ಮೆಪಡುವ ನಾವು, ಅದೇ ಸಂಗಮ ಮಗುವಿನ ಬಾಯಲ್ಲಿ ಕೇಳಿದಾಗ ಹೆದರಬಾರದು.

ಆದರೆ ಮನೆಯಲ್ಲೂ ಮೌನವಾಗಿದ್ದರೆ ಅದು ಬೇರೆ ವಿಷಯ. ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ, ಮಳೆಗಾಲದ ಶೀತದಲ್ಲಿ ಮಕ್ಕಳ ಕಿವಿ ಮಂದವಾಗುವುದಿದೆ. ಅಜ್ಜಿಯ ಜೊತೆ ಮತ್ತೆ ಕೂರತೊಡಗಿ ಒಂದೂವರೆ ತಿಂಗಳಾದರೂ ಮಾತು ಮರಳದಿದ್ದರೆ ಮಕ್ಕಳ ವೈದ್ಯರನ್ನು ಕಾಣಲೇಬೇಕು.

ಟೀಚರನ್ನು ನಾನು ಹೆಚ್ಚು ದೂರುವುದಿಲ್ಲ. ನನ್ನ ಸಿಟ್ಟು ಶಾರ್ಜಾದಲ್ಲಿರುವವರ ಮೇಲೆ. ನೀವು ಅವರ ಬಗ್ಗೆ ಒಂದೇ ಸಾಲು ಬರೆದಿದ್ದೀರಿ: ರಾತ್ರಿ ವಿಡಿಯೋ ಕಾಲ್‌ನಲ್ಲಿ "ಇವತ್ತು ಏನು ಕಲಿತೆ, ಸ್ಪೆಲ್ಲಿಂಗ್ ಹೇಳು" ಎನ್ನುತ್ತಾರೆ, ಹೇಳದಿದ್ದರೆ ನಿಮ್ಮನ್ನು ಕೇಳುತ್ತಾರೆ. ಇಂಗ್ಲಿಷ್ ಬಾರದೆ ಅಲ್ಲಿ ಅವರು ಪಟ್ಟ ಕಷ್ಟ ಮಗಳಿಗೆ ಬರಬಾರದು ಎಂಬ ಆಸೆ ನನಗೆ ತಿಳಿಯುತ್ತದೆ. ಆದರೂ ವರ್ಷಕ್ಕೊಮ್ಮೆ ಊರಿಗೆ ಬರುವ ಅಪ್ಪ ದಿನದ ಆ ಹತ್ತು ನಿಮಿಷವನ್ನು ಪರೀಕ್ಷೆ ಮಾಡಿಬಿಟ್ಟರೆ ಮಗು ಫೋನ್ ಕಂಡೇ ಅಡಗುತ್ತದೆ. ಇದನ್ನು ಅವರಿಗೆ ಓದಿ ಹೇಳಿ. ಇನ್ನು ಮೇಲೆ ಪ್ರಶ್ನೆ ಕೇಳುವುದು ಮಗಳು, ಉತ್ತರ ಕೊಡುವುದು ಅಪ್ಪ. ಅಲ್ಲಿ ಮಳೆ ಬರುತ್ತದೆಯೇ, ಅಡುಗೆ ಯಾರು ಮಾಡುತ್ತಾರೆ, ಎಲ್ಲವನ್ನೂ ಕನ್ನಡದಲ್ಲೇ ಹೇಳಲಿ. ತಾಯಿಯ ಬಾಯಿ ಕಟ್ಟಿದ ಮಗ ಮೊದಲು ಆ ತಾಯಿಗೆ ಫೋನ್ ಮಾಡಿ, "ಅಮ್ಮ, ಮೊಮ್ಮಗಳಿಗೆ ಕಥೆ ಹೇಳು" ಎನ್ನಲಿ.

ಬರವಣಿಗೆಯ ಅಳುವಿಗೆ ಕಾರಣ ಸೋಮಾರಿತನವಲ್ಲ. ಮಣಿಕಟ್ಟಿನ ಎಂಟು ಎಲುಬುಗಳಲ್ಲಿ ಕೆಲವು ಈ ವಯಸ್ಸಿನಲ್ಲಿ ಇನ್ನೂ ಗಟ್ಟಿಯಾಗಿರುವುದಿಲ್ಲ, ಬೆರಳಿಗೂ ಹಿಡಿತ ಬಂದಿರುವುದಿಲ್ಲ. ಹೋಂವರ್ಕ್ ನಾಲ್ಕು ಸಾಲಿಗೆ ನಿಲ್ಲಿಸಿ, ಉಳಿದದ್ದು ನನ್ನ ತೀರ್ಮಾನ ಎಂದು ಡೈರಿಯಲ್ಲಿ ಬರೆದು ಸಹಿ ಹಾಕಿ. ಅಟ್ಟದಲ್ಲಿ ಚೆನ್ನೆಮಣೆ, ಗುಳಿಗಳಿರುವ ಆ ಆಟದ ಮಣೆ, ಇದ್ದರೆ ಇಳಿಸಿ. ಗುಳಿಗೆ ನಾಲ್ಕರಂತೆ ಹದಿನಾಲ್ಕು ಗುಳಿಗೆ 56 ಮಂಜೊಟ್ಟಿ ಕಾಯಿ, ಅಂದರೆ ಕೆಂಪು ಬೀಜ. ಒಂದು ಗುಳಿಯದ್ದನ್ನು ಬಾಚಿ, ಹೆಬ್ಬೆರಳು ತೋರುಬೆರಳಿನಲ್ಲಿ ಒಂದೊಂದೇ ಬಿಡುತ್ತಾ ಹೋಗುವಾಗ ಪೆನ್ಸಿಲ್ ಹಿಡಿಯುವ ಬೆರಳುಗಳೇ ದುಡಿಯುತ್ತವೆ. ಎಣಿಕೆಯೂ ಆಗುತ್ತದೆ, ಒಂದರಿಂದ ಐವತ್ತು ಬರೆದದ್ದಕ್ಕಿಂತ ಗಟ್ಟಿಯಾಗಿ. ಅಜ್ಜಿಗೆ ಆ ಆಟ ಗೊತ್ತಿರುತ್ತದೆ.

ಕನ್ನಡ ಶಾಲೆಗೆ ಧೈರ್ಯವಾಗಿ ಹಾಕಿ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಪಾಠ ಸಿಗುವಂತೆ ರಾಜ್ಯಗಳು ಪ್ರಯತ್ನಿಸಬೇಕು ಎಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರಲ್ಲಿ, ಕಾಸರಗೋಡು ಕೇರಳಕ್ಕೆ ಸೇರಿದ ವರ್ಷವೇ, ಬಂದ ವಿಧಿ ಅದು. ಇಂಗ್ಲಿಷ್ ಪಾಠ ಅಲ್ಲೂ ಒಂದನೇ ಕ್ಲಾಸಿನಿಂದಲೇ ಇದೆ. ಹಾಕುವ ಮೊದಲು ಮಾತ್ರ ಒಂದು ದಿನ ಹೋಗಿ ಒಂದನೇ ಕ್ಲಾಸಿನ ಬಾಗಿಲಲ್ಲಿ ನಿಂತು ಕೇಳಿ, ಅಧ್ಯಾಪಕರು ಮಕ್ಕಳ ಜೊತೆ ಕನ್ನಡ ಮಾತಾಡುತ್ತಾರೆಯೇ ಎಂದು. ಕನ್ನಡ ಬಾರದವರನ್ನು ಕನ್ನಡ ವಿಭಾಗಕ್ಕೆ ನೇಮಿಸಿ ಹೆತ್ತವರು ಗೇಟಿನಲ್ಲಿ ಕೂರಬೇಕಾಗಿ ಬಂದದ್ದು ನಮ್ಮ ಜಿಲ್ಲೆಗೆ ಹೊಸತಲ್ಲ.

ಜೂನ್ ದೂರ ಇದೆ. ಇವತ್ತಿಗೆ ಒಂದೇ ಕೆಲಸ. ಅತ್ತೆಯ ಹತ್ತಿರ ಹೋಗಿ, ನಾವು ಹೇಳಿದ್ದು ತಪ್ಪಾಯಿತು, ನೀವು ಅವಳ ಜೊತೆ ಮೊದಲಿನಂತೆ ಮಾತಾಡಿ ಎಂದು ಹೇಳಿ. ಮಗು ಕೂಡಲೇ ಓಡಿ ಬಂದು ತೊಡೆ ಏರಲಾರದು, ಅತ್ತೆಯೂ ನೊಂದಿರುತ್ತಾರೆ, ಕಾಯಿರಿ. ಟ್ಯೂಷನ್‌ನವರಿಗೆ ಫೋನ್ ಮಾಡಿ ಮಗು ಬರುವುದಿಲ್ಲ ಎಂದುಬಿಡಿ. ಮುಂಗಡ ಕೊಟ್ಟಿದ್ದರೆ ಹೋಗಲಿ.