ಡಿಎನ್‌ಎ ಮುರಿದರೂ ಶಿಲೀಂಧ್ರ ಸಾಯಲ್ವಾ?

ಪ್ರಶ್ನೆ: ಸೋಮವಾರಪೇಟೆ ಕಡೆ ನಮ್ಮ ಕಾಫಿ ತೋಟ. ಶಿಲೀಂಧ್ರದಿಂದ ಬರುವ ಕೊಳೆರೋಗಕ್ಕೆ ಪ್ರತಿ ವರ್ಷ ಮಳೆಗೆ ಮೊದಲು ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಸುತ್ತೇವೆ. ಡಿಎನ್‌ಎಯನ್ನೇ ಮುರಿಯುವ ರಾಸಾಯನಿಕಕ್ಕೂ ಶಿಲೀಂಧ್ರ ಒಗ್ಗಿಕೊಳ್ಳುತ್ತದೆ ಅಂತ ಎಂಎಸ್ಸಿ ಓದುವ ಮಗಳು ಹೇಳುತ್ತಾಳೆ. ಅದು ಹೇಗೆ? ಬೋರ್ಡೋಗೂ ಹಾಗೇ ಆಗುತ್ತಾ?

ಉತ್ತರ: ಮಗಳು ಹೇಳಿದ್ದು ನಿಜ ಸರ್. ಇದರಲ್ಲಿ ಎರಡು ಹಂತ ಇದೆ.

ಮೊದಲನೆಯದು ರಿಪೇರಿ, ಅದು ಕೆಲವೇ ಗಂಟೆಗಳ ಕೆಲಸ. ಯೀಸ್ಟ್ ಕೂಡ ಶಿಲೀಂಧ್ರವೇ ಅಲ್ವಾ, ಈ ವಿಷಯದಲ್ಲಿ ನಮಗೆ ತಿಳಿದಿರುವುದು ಜಾಸ್ತಿ ಅದರಿಂದಲೇ. ಡಿಎನ್‌ಎ ಮುರಿದರೆ ಯೀಸ್ಟಿನ ಕೋಶ ಎರಡಾಗುವುದನ್ನು ನಿಲ್ಲಿಸುತ್ತದೆ, ರಿಪೇರಿಗೆ ಸಮಯ ಮಾಡಿಕೊಳ್ಳುತ್ತದೆ. 1988ರಲ್ಲಿ ವೈನರ್ಟ್ ಮತ್ತು ಹಾರ್ಟ್‌ವೆಲ್ ಅನ್ನುವ ವಿಜ್ಞಾನಿಗಳು ಯೀಸ್ಟಿಗೆ ಎಕ್ಸ್‌ರೇ ಹಾಯಿಸಿ ನೋಡಿದಾಗ, ರ್ಯಾಡ್9 ಅನ್ನುವ ಜೀನ್ ಕೆಟ್ಟಿದ್ದ ಕೋಶಗಳು ನಿಲ್ಲಲೇ ಇಲ್ಲ, ಮುರಿದ ಡಿಎನ್‌ಎ ಹೊತ್ತುಕೊಂಡೇ ಎರಡಾಗುತ್ತಾ ಹೋಗಿ ಸತ್ತವು. ನಿಲ್ಲುವುದೇ ಅದರ ಜೀವ ಉಳಿಸುತ್ತದೆ ಅನ್ನುವುದು ನನಗೆ ಇವತ್ತಿಗೂ ಅಚ್ಚರಿ.

ಪೆಟ್ಟು ತೀರಾ ಜಾಸ್ತಿಯಾದರೆ ಕೋಶ ಗಾಯವನ್ನು ದಾಟಿಕೊಂಡೇ ಡಿಎನ್‌ಎ ನಕಲು ಮಾಡುತ್ತದೆ. ಅದಕ್ಕೆ ಬೇರೆಯೇ ಕಿಣ್ವಗಳಿವೆ, ಅವು ತಪ್ಪು ಮಾಡುವುದು ಹೆಚ್ಚು. ಎರಡನೆಯ ಹಂತ ಶುರುವಾಗುವುದು ಇಲ್ಲೇ. ತಪ್ಪುಗಳಲ್ಲಿ ಹೆಚ್ಚಿನವು ಕೆಡುಕೇ. ಆದರೆ ಲಕ್ಷಾಂತರ ಕೋಶಗಳಲ್ಲಿ ಒಂದಕ್ಕೆ ಸಿಕ್ಕ ಬದಲಾವಣೆ ಔಷಧವನ್ನು ತಡೆದರೂ ಸಾಕು, ಉಳಿದವು ಸತ್ತ ಜಾಗದಲ್ಲಿ ಅದೇ ಬೆಳೆಯುತ್ತದೆ. ಉದಾಹರಣೆಗೆ, ನಮ್ಮ ಪಶ್ಚಿಮ ಘಟ್ಟದ ನೋಥಪೊಡೈಟಿಸ್ ಮರದಲ್ಲಿ ಕ್ಯಾಂಪ್ಟೋಥೆಸಿನ್ ಅನ್ನುವ ವಸ್ತು ಇದೆ, ಕೆಲವು ಕ್ಯಾನ್ಸರ್ ಔಷಧಗಳಿಗೆ ಅದೇ ಮೂಲ. ಕ್ಯಾಂಪ್ಟೋಥೆಸಿನ್ ಡಿಎನ್‌ಎಯ ಸುರುಳಿ ಬಿಡಿಸುವ ಒಂದು ಕಿಣ್ವವನ್ನು ಹಿಡಿದಿಟ್ಟು, ಆ ಕಿಣ್ವದಿಂದಲೇ ಡಿಎನ್‌ಎ ಮುರಿಯುವ ಹಾಗೆ ಮಾಡುತ್ತದೆ. ಯೀಸ್ಟ್ ಆ ಕಿಣ್ವವನ್ನೇ ಕಳೆದುಕೊಂಡರೆ? ವಿಷಕ್ಕೆ ಹಿಡಿಯಲು ಏನೂ ಸಿಗಲ್ಲ, ಯೀಸ್ಟ್ ಬದುಕುತ್ತದೆ.

ಇನ್ನು ಬೋರ್ಡೋ. ಅದು ಡಿಎನ್‌ಎಯನ್ನೇ ಗುರಿ ಮಾಡುವ ಔಷಧ ಅಲ್ಲ. ಮೈಲುತುತ್ತದ ತಾಮ್ರ ಶಿಲೀಂಧ್ರದ ಹಲವು ಕಿಣ್ವಗಳನ್ನು ಒಟ್ಟಿಗೆ ಕೆಡಿಸುತ್ತದೆ, ಒಂದು ಬದಲಾವಣೆಯಿಂದ ಅಷ್ಟೂ ಕಡೆ ತಪ್ಪಿಸಿಕೊಳ್ಳುವುದು ಕಷ್ಟ. 1880ರ ದಶಕದಿಂದ ಬಳಸುತ್ತಿದ್ದರೂ ಇನ್ನೂ ಕೆಲಸ ಮಾಡುತ್ತಿರುವುದು ಅದಕ್ಕೇ. ಕಾರ್ಬೆಂಡಾಜಿಮ್ ಅನ್ನುವ ಇನ್ನೊಂದು ಶಿಲೀಂಧ್ರನಾಶಕ ಹಾಗಲ್ಲ. ಅದು ಹಿಡಿಯುವುದು ಟ್ಯೂಬುಲಿನ್ ಅನ್ನುವ ಒಂದೇ ಪ್ರೋಟೀನನ್ನು. ಜೀನಿನಲ್ಲಿ ಒಂದು ಅಕ್ಷರ ಬದಲಾಗಿಯೇ ಎಷ್ಟೋ ಶಿಲೀಂಧ್ರಗಳು ಅದರಿಂದ ಪಾರಾಗಿವೆ. ಅಂಥ ಔಷಧವನ್ನು ಸುಮ್ನೆ ವರ್ಷ ವರ್ಷ ಅದೊಂದನ್ನೇ ಹೊಡೆಯಬೇಡಿ. ಬೋರ್ಡೋ ಮುಂದುವರಿಸಿ, ಎಲೆಯ ಅಡಿಭಾಗಕ್ಕೂ ತಾಗಲಿ. ಮಳೆಗೆ ಮೊದಲೇ ಮರಗಸಿ (ನೆರಳಿನ ಮರದ ಕೊಂಬೆ ಸವರುವುದು) ಮುಗಿಸಿ, ಗಿಡದೊಳಗೆ ಗಾಳಿಯಾಡಲಿ. ಕೊಳೆತ ರೆಕ್ಕೆ (ಕಾಫಿ ಗಿಡದ ಕೊಂಬೆ), ಎಲೆ ಕಂಡರೆ ತೆಗೆದು ಸುಟ್ಟುಬಿಡಿ.