ಚಿಪ್ಪು ಕರಗಿದ್ದು ಕಡಲಲ್ಲೋ, ಬಾಟಲಿಯಲ್ಲೋ?

ಪ್ರಶ್ನೆ: ದಕ್ಷಿಣ ಸಾಗರದಿಂದ ತಂದ ಪ್ಲವಕಗಳ (ನೀರಲ್ಲಿ ತೇಲುವ ಸಣ್ಣ ಜೀವಿಗಳ) ಬಾಟಲಿಯೊಂದು ಪ್ರಾಜೆಕ್ಟಿಗೆ ಸಿಕ್ಕಿದೆ. ಅದರಲ್ಲಿರುವ ಈಜುವ ಬಸವನಹುಳು ಲಿಮಸಿನಾದ ಚಿಪ್ಪು ಆರು ತಿಂಗಳ ಹಿಂದೆ ಗಾಜಿನಂತಿತ್ತು. ಈಗ ಹಾಲುಬಿಳಿ, ಚಿಮಟ ತಾಗಿದರೆ ಪುಡಿ. ಸಾಗರ ಆಮ್ಲೀಯವಾಗುತ್ತಿರುವುದಕ್ಕೆ ಇದು ಸಾಕ್ಷಿಯೇ?
— ಎಂ.ಎಸ್ಸಿ. ವಿದ್ಯಾರ್ಥಿನಿ, ವಾಸ್ಕೊ

ಉತ್ತರ: ಅಲ್ಲ. ಬಂದಾಗ ಗಾಜಿನಂತಿತ್ತು ಎಂದ ಮೇಲೆ ಕಡಲನ್ನು ದೂರುವಂತಿಲ್ಲ. ಮಾದರಿ ಕೆಡದಂತೆ ಬಾಟಲಿಗೆ ಹಾಕುವ ಫಾರ್ಮಾಲಿನ್ ಇಟ್ಟಲ್ಲೇ ಆಮ್ಲಜನಕದೊಡನೆ ಸೇರಿ ನಿಧಾನಕ್ಕೆ ಫಾರ್ಮಿಕ್ ಆಮ್ಲವಾಗುತ್ತದೆ. ಲಿಮಸಿನಾದ ಚಿಪ್ಪು ಅರಗೊನೈಟ್, ಅಂದರೆ ಕ್ಯಾಲ್ಸೈಟ್ ಎಂಬ ಇನ್ನೊಂದು ಬಗೆಗಿಂತ ಬೇಗ ಕರಗುವ ಸುಣ್ಣ. ಸಾಲದ್ದಕ್ಕೆ ಕೂದಲೆಳೆಗಿಂತ ತೆಳು. ಆ ಚಿಪ್ಪುಗಳನ್ನು ಅಳತೆಗೆ ಬಳಸಲೇಬೇಡಿ.

ಮುಂದಿನ ಸಲ ಒಂದು ಪಾಲು ಫಾರ್ಮಾಲಿನ್‌ಗೆ ಒಂಬತ್ತು ಪಾಲು ಸೋಸಿದ ಕಡಲನೀರು ಹಾಕಿ, ಪಿಎಚ್ (ಆಮ್ಲೀಯತೆಯ ಅಳತೆ; ಇಳಿದಷ್ಟೂ ಆಮ್ಲ ಹೆಚ್ಚು) 8ರಿಂದ 8.2ಕ್ಕೆ ಬರುವಷ್ಟು ಬಿಳಿಗಾರ (ಬೋರಾಕ್ಸ್) ಬೆರೆಸಿ. ಒಂದು ವಾರ ಬಿಟ್ಟು ಪಿಎಚ್ ನೋಡಿ, ಆಮೇಲೆ ತಿಂಗಳಿಗೊಮ್ಮೆ. ಬಾಟಲಿಯಲ್ಲಿ ಪ್ರಾಣಿಗಳು ಹತ್ತರಲ್ಲೊಂದು ಪಾಲು ಮೀರದಿರಲಿ. ಕಿಕ್ಕಿರಿದರೆ ಒಳಗೇ ಕೊಳೆತು ಪಿಎಚ್ ಇಳಿಯುತ್ತದೆ. ಕೈಗವಸು ಹಾಕಿ, ಕಿಟಕಿ ತೆರೆದಿಡಿ.

ಚಿಪ್ಪೇ ಮುಖ್ಯವಾದರೆ ಫಾರ್ಮಾಲಿನ್ ಗೊಡವೆಯೇ ಬೇಡ. 70% ಅಥವಾ ಇನ್ನೂ ಗಟ್ಟಿಯಾದ ಎಥನಾಲ್ ಸಾಕು. ಮೈಯೊಳಗಿನ ನೀರು ಬೆರೆತು ಅದು ತೆಳುವಾಗುವುದರಿಂದ 24 ಗಂಟೆಯ ಬಳಿಕ ಬದಲಿಸಿ. ಇದರ ಪಿಎಚ್ಚನ್ನೂ ನೋಡಿ. ಎಥನಾಲ್ ತೆಳುಮಾಡಲು ಬೆರೆಸುವ ಡಿಸ್ಟಿಲ್ಡ್ ವಾಟರ್ ತುಸು ಆಮ್ಲೀಯವೇ ಇರುತ್ತದೆ, ಬಹಳ ಜನ ಎಡವುವುದು ಇಲ್ಲೇ.

ಕಡಲಲ್ಲೂ ಚಿಪ್ಪು ಕರಗುವುದುಂಟು, ನಿಜ. ತಣ್ಣೀರು ಹೆಚ್ಚು ಇಂಗಾಲದ ಡೈಆಕ್ಸೈಡ್ ಹೀರುತ್ತದೆ, ಅದರಿಂದ ಚಿಪ್ಪಿಗೆ ಬೇಕಾದ ಕಾರ್ಬೊನೇಟ್ ಕಡಿಮೆಯಾಗುತ್ತದೆ. ಆದರೂ ಕಡಲ ಮೇಲ್ನೀರಿನ ಪಿಎಚ್ ಸರಾಸರಿ 8.1ರ ಆಸುಪಾಸು; ಅದು ವಿನೆಗರ್ ಆಗಿಲ್ಲ.

ಪ್ರಶ್ನೆ: ಬಸವನಹುಳು ಈಜುವುದು ಹೇಗೆ?
— ಓದುಗರು, ಡೊಂಬಿವಲಿ

ಉತ್ತರ: ತೆವಳುವ ಪಾದವೇ ಇಲ್ಲಿ ಎರಡು ರೆಕ್ಕೆ. ಲಿಮಸಿನಾ ಅವನ್ನು ಕೀಟದಂತೆ ಎಂಟರ ಆಕಾರದಲ್ಲಿ ಬೀಸುತ್ತದೆ. ನಿಲ್ಲಿಸಿದರೆ ಚಿಪ್ಪಿನ ಭಾರಕ್ಕೆ ಮುಳುಗುತ್ತದೆ. ತಿನ್ನುವಾಗ ಮೈಗಿಂತ ದೊಡ್ಡ ಲೋಳೆಬಲೆ ಹರಡಿ ಪಾಚಿಕಣಗಳನ್ನು ಹಿಡಿದು, ಬಲೆಸಮೇತ ನುಂಗುತ್ತದೆ. ಬೆದರಿದರೆ ಬಲೆ ಕಳಚಿ, ರೆಕ್ಕೆ ಒಳಗೆಳೆದುಕೊಂಡು ಕೆಳಕ್ಕೆ ಬೀಳುತ್ತದೆ. ಹಾಗಾಗಿ ಬಾಟಲಿಯಲ್ಲಿ ಲೋಳೆಬಲೆ ಕಾಣುವುದಿಲ್ಲ. ಅದರ ಬೇಟೆಗಾರ ಕ್ಲಿಯೋನೆಯೂ ಬಸವನಹುಳುವೇ. ಮರಿಯಲ್ಲೇ ಚಿಪ್ಪು ಕಳಚಿದ ಅದು ಬಾಯಿಯ ಆರು ಕೊಂಬುಗಳಿಂದ ಲಿಮಸಿನಾವನ್ನು ಹಿಡಿದು, ಕೊಕ್ಕೆ ಹಾಕಿ ಮಾಂಸವನ್ನಷ್ಟೇ ಎಳೆದುಕೊಳ್ಳುತ್ತದೆ. ಖಾಲಿ ಚಿಪ್ಪು ಆಳಕ್ಕೆ ಇಳಿಯುತ್ತದೆ.