ಒಸಾಕಾದಲ್ಲಿ ಸುಶಿ, ರಾಮೆನ್ ಬಿಟ್ಟು ಧೈರ್ಯ ಮಾಡಿ ಏನು ತಿನ್ನಬಹುದು?

ಸಂಜೆ ಸೀದಾ ಶಿನ್‌ಸೆಕಾಯಿ ಅನ್ನೋ ಬಡಾವಣೆಗೆ ಹೋಗಿ. ತ್ಸೂತೆನ್‌ಕಾಕು ಗೋಪುರದ ಸುತ್ತಮುತ್ತ ಕುಶಿಕಾತ್ಸು ಅಂಗಡಿಗಳು ಸಾಲಾಗಿವೆ. ಮಾಂಸ, ಮೀನು, ಈರುಳ್ಳಿ, ಕಮಲದ ದಂಟು, ಪುಟ್ಟ ಕ್ವೇಲ್ ಮೊಟ್ಟೆ, ಎಲ್ಲವನ್ನೂ ಕಡ್ಡಿಗೆ ಚುಚ್ಚಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ, ಗರಿಗರಿಯಾಗಿ ಕರಿದು ಕೊಡುತ್ತಾರೆ. ಹಳೇ ಪದ್ಧತಿಯ ಅಂಗಡಿಗಳಲ್ಲಿ ತೆಳ್ಳಗಿನ ಕಪ್ಪು ಸಾಸ್ ಇರುವ ಡಬ್ಬಿ ಎಲ್ಲರಿಗೂ ಒಂದೇ. ಹಾಗಾಗಿ ಕಡ್ಡಿಯನ್ನು ಒಂದೇ ಸಲ ಅದ್ದಬೇಕು. ಕಚ್ಚಿದ ಮೇಲೆ ಮತ್ತೆ ಅದ್ದಿದರೆ ಎಂಜಲಾಯಿತು, ಅಲ್ವಾ? ಇನ್ನೂ ಬೇಕಾದರೆ ಪಕ್ಕದಲ್ಲಿಟ್ಟ ಎಲೆಕೋಸಿನ ತುಂಡಿನಿಂದ ಸಾಸ್ ಮೊಗೆದು ಸುರಿದುಕೊಳ್ಳಿ. ಅಲ್ಲೇ ದೋತೆಯಾಕಿ ಕೇಳಿ. ದನದ ಸ್ನಾಯುರಜ್ಜುಗಳನ್ನು (ಟೆಂಡನ್) ಮಿಸೋ ಅನ್ನೋ ಹುದುಗಿಸಿದ ಸೋಯಾ ಪೇಸ್ಟ್‌ನಲ್ಲಿ ನಿಧಾನವಾಗಿ ಬೇಯಿಸಿದ್ದು, ಬಾಯಲ್ಲಿಟ್ಟರೆ ಕರಗುತ್ತದೆ. ನನ್ನ ಮಟ್ಟಿಗೆ ಆ ಬೀದಿಯ ಅತಿ ರುಚಿಯಾದ ತಿಂಡಿ ಅದೇ.

ಕರುಳು, ಬೋಟಿ ಇಷ್ಟ ಅಂದ್ರೆ ತ್ಸುರುಹಾಶಿ. ಕೊರಿಯಾ ಮೂಲದವರು ಜಾಸ್ತಿ ಇರುವ ಜಾಗ. ಹೊರುಮೊನ್ ಅಂತ ಕೇಳಿದರೆ ತಟ್ಟೆ ತಂದಿಡುತ್ತಾರೆ, ಟೇಬಲ್ ಮೇಲಿನ ಒಲೆಯಲ್ಲಿ ನೀವೇ ಸುಟ್ಟುಕೊಳ್ಳಬೇಕು. ಚೆನ್ನಾಗಿ ಬೇಯಲಿ. ದನದ ಲಿವರ್ ಹಸಿಯಾಗಿ ಬಡಿಸುವುದನ್ನು 2012ರಲ್ಲೇ ನಿಷೇಧಿಸಿದ್ದಾರೆ.

ಚಳಿಗಾಲವಾದರೆ ಫುಗು ತಿನ್ನಿ. ವಿಷದ ಮೀನು ಅಂತ ಸುಮ್ನೆ ಹೆದರಬೇಡಿ. ಲಿವರ್‌ನಂಥ ವಿಷದ ಭಾಗಗಳನ್ನು ಲೈಸೆನ್ಸ್ ಇರುವ ಅಡುಗೆಯವರು ತೆಗೆದಿರುತ್ತಾರೆ. ತರಕಾರಿ, ತೋಫು ಜೊತೆ ಕುದಿಸಿದ ಫುಗುವಿಗೆ ಅಲ್ಲಿ ತೆಚ್ಚಿರಿ ಅನ್ನುತ್ತಾರೆ.

ಸಸ್ಯಾಹಾರಿಗಳು ಮಾತ್ರ ಹುಷಾರು. ಎಲೆಕೋಸು ಹಾಕಿದ ದಪ್ಪ ದೋಸೆಯಂಥ ಒಕೊನೊಮಿಯಾಕಿಗೆ ಮಾಂಸ ಹಾಕಬೇಡಿ ಅಂದರೂ ಹಿಟ್ಟು ಕಲಸುವ ದಾಶಿ ಅನ್ನೋ ತಿಳಿಸಾರು ಸಾಮಾನ್ಯವಾಗಿ ಮೀನಿನದೇ. ಮೊದಲೇ ಕೇಳಿಕೊಳ್ಳಿ.